ಹೊನ್ನೂರಮ್ಮನ ಗೇಟು ಎರಡು ಸಲ ಮುಚ್ಚಿದ್ದು

ಹಗರಿಬೊಮ್ಮನಹಳ್ಳಿಗೆ ಹೋಗಿ ಬರೀ ಭೀಮರಾಜ ಎಂದು ಕೇಳಿದರೆ ಮನುಷ್ಯ ಸಿಗುವುದಿಲ್ಲ. ಆ ಹೆಸರಿನವರು ಅವನ ಓಣಿಯಲ್ಲೇ ಹಲವರಿದ್ದಾರೆ. ಗೇಟ್ ಭೀಮರಾಜ ಎನ್ನಬೇಕು. ಆಗ ಚಹಾದಂಗಡಿಯವನು ಸೋಸುವ ಕೈ ನಿಲ್ಲಿಸದೆ ಗದ್ದದಲ್ಲೇ ದಾರಿ ತೋರಿಸುತ್ತಾನೆ. ಮೊದಲು ವೆಲ್ಡಿಂಗ್ ಅಂಗಡಿಯಲ್ಲಿ ಗೇಟು ಮಾಡುತ್ತಿದ್ದವನು, ಈಗ ರಿಮೋಟ್ ಒತ್ತಿದರೆ ತೆರೆದು ಮುಚ್ಚುವ ಗೇಟುಗಳನ್ನು ಕೂರಿಸುತ್ತಾನೆ, ಕೂರಿಸಿದ ಮೇಲೆ ಅವುಗಳ ಆರೈಕೆ ಮಾಡುತ್ತಾನೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಯಾವ ಕಡೆ ಹೋದರೂ ಅವನ ಬೈಕಿಗೆ ದಾರಿ ಗೊತ್ತು. ಡಾಕ್ಟರ ಮನೆ, ಗುತ್ತಿಗೆದಾರರ ಬಂಗಲೆ, ಅಕ್ಕಿ ಗಿರಣಿ, ಕಾನ್ವೆಂಟ್ ಶಾಲೆ, ಎಲ್ಲ ಗೇಟುಗಳ ಹೊಟ್ಟೆಯೊಳಗೂ ಅವನ ಕೈ ಒಮ್ಮೆ ಹೋಗಿ ಬಂದಿದೆ.

ಗೇಟಿಗೆ ಅದೆಂಥಾ ಆರೈಕೆ ಎಂದು ನಗಬೇಡಿ. ಹಲ್ಲು ನೋಯುವ ತನಕ ಬಾಯಲ್ಲಿ ಹಲ್ಲಿದೆ ಎಂದು ಯಾರಿಗೆ ನೆನಪಿರುತ್ತದೆ? ಗೇಟೂ ಹಾಗೆಯೇ. ಮೂರು ತಿಂಗಳಿಗೊಮ್ಮೆ ಬರುತ್ತೇನೆ ಎಂದರೆ ನಮ್ಮ ಜನ, ಈಗೇನೂ ಕೆಟ್ಟಿಲ್ಲವಲ್ಲ, ಕೆಟ್ಟಾಗ ಫೋನ್ ಮಾಡ್ತೀವಿ ಬಿಡು ಎನ್ನುತ್ತಾರೆ. ಕೆಟ್ಟಾಗ ಮಾತ್ರ ಮನೆಗೆ ಬೆಂಕಿ ಬಿದ್ದವರ ಹಾಗೆ ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಕೆಡಿಸಿದವರು ಅವರೇ.

ಗೇಟು ಓಡಾಡುವ ಕಬ್ಬಿಣದ ಹಳಿ ನೆಲದಲ್ಲಿ ಅಡ್ಡ ಮಲಗಿರುತ್ತದಲ್ಲ, ಅದು ಮನೆ ಹೆಣ್ಣುಮಕ್ಕಳಿಗೆ ಹೊಸ್ತಿಲಾಗಿ ಕಾಣುತ್ತದೆ. ಬೆಳಗಾದರೆ ಅದಕ್ಕೆ ನೀರು, ಅರಿಷಿಣ, ಕುಂಕುಮ, ಅದರ ಮೇಲೇ ರಂಗೋಲಿ. ರಂಗೋಲಿ ಪುಡಿ ನೀರು ಕುಡಿದು ಗಾಲಿಯ ಸಂದಿಯಲ್ಲಿ ಕೂತರೆ ಸಿಮೆಂಟು ನಾಚಬೇಕು. ಆಯುಧಪೂಜೆ ಬಂದರಂತೂ ಕೇಳಲೇಬೇಡಿ. ಗೇಟಿನ ಎರಡೂ ಬದಿಯ ಕಂಬಗಳಲ್ಲಿ ಮೊಳಕಾಲೆತ್ತರಕ್ಕೆ ಒಂದೊಂದು ಕಪ್ಪು ಡಬ್ಬಿ ಇರುತ್ತದೆ. ನಡುವೆ ಮನುಷ್ಯರೋ ದನವೋ ಬಂದರೆ ಗೇಟು ಮುಚ್ಚದಂತೆ ತಡೆಯುವ ಸೆನ್ಸರ್ ಅದು. ಊರವರ ಬಾಯಲ್ಲಿ ಗೇಟಿನ ಕಣ್ಣು. ಆ ಕಣ್ಣಿಗೇ ಮೂರು ಬೆರಳು ವಿಭೂತಿ ಬಳಿದು ಊದುಬತ್ತಿ ಬೆಳಗುತ್ತಾರೆ. ಮಾರನೇ ದಿನ ಗೇಟು ಮುಚ್ಚುತ್ತಿಲ್ಲ ಎಂದು ಭೀಮರಾಜನಿಗೆ ಬೈಗುಳ. ಅಲ್ಲಾ ಮಹರಾಯರೆ, ಕಣ್ಣಿಗೆ ಬೂದಿ ಎರಚಿ, ಕಾಣವಲ್ಲದು ಎಂದರೆ ಹೇಗೆ?

ಭೀಮರಾಜ ಬೈಯುವವನಲ್ಲ. ರಂಗೋಲಿಯನ್ನು ಒಂದು ಗೇಣು ಈಚೆ ಹಾಕ್ರಿ ಅವ್ವಾ, ದೇವರು ಅಲ್ಲಿಗೂ ಬರ್ತಾನೆ ಎಂದು ಹೇಳಿ ಕೆಲಸಕ್ಕೆ ಕೂರುತ್ತಾನೆ. ಹಳಿಯನ್ನು ಕಸಬರಿಗೆಯಲ್ಲಿ ಗುಡಿಸಿ, ಮೂಲೆಯ ಮಣ್ಣನ್ನು ಸ್ಕ್ರೂಡ್ರೈವರಿನಲ್ಲಿ ಕೆದರಿ ತೆಗೆಯುತ್ತಾನೆ. ಮೋಟಾರಿನ ಡಬ್ಬಿ ಬಿಚ್ಚಿ ಇರುವೆ ಗೂಡು, ಹಲ್ಲಿ ಮೊಟ್ಟೆ ತೆಗೆದು ಎರಡು ನುಸಿಗುಳಿಗೆ ಇಡುತ್ತಾನೆ. ಮೋಟಾರು ಕಚ್ಚಿ ಎಳೆಯುವ ಹಲ್ಲಿನ ಪಟ್ಟಿಗೆ ಗ್ರೀಸು ಮಾತ್ರ ಹಚ್ಚುವುದಿಲ್ಲ. ಈ ಕಡೆಯ ಕೆಂಪು ಧೂಳು ಗ್ರೀಸಿಗೆ ಮೆತ್ತಿಕೊಂಡರೆ ಹಲ್ಲನ್ನೇ ಅರೆದುಹಾಕುತ್ತದೆ ಎಂದು ಅವನು ಕಂಡುಕೊಂಡಿದ್ದಾನೆ. ಕಣ್ಣುಗಳನ್ನು ಒಣ ಬಟ್ಟೆಯಿಂದ ಒರೆಸುತ್ತಾನೆ. ಎಲ್ಲ ಆದಮೇಲೆ ಗೇಟು ಮುಚ್ಚಲು ಬಿಟ್ಟು, ಕಾಲು ಕಣ್ಣಿಗೆ ಬೀಳದಂತೆ ಈಚೆ ಇಟ್ಟು, ತಾನೇ ಮೈ ಬಾಗಿಸಿ ಅದರ ದಾರಿಗೆ ಅಡ್ಡವಾಗುತ್ತಾನೆ. ಗೇಟು ಬಂದು ಮೈಗೆ ತಾಕಿ ಹಿಂದೆ ಸರಿದರೆ ಆ ದಿನದ ಕೆಲಸ ಮುಗಿಯಿತು. ಇಟ್ಟಿಗೆ ಇಟ್ಟು ನೋಡಬಾರದೇನೋ ಎಂದರೆ, ಇಟ್ಟಿಗಿಗೆ ನೋವಾದ್ರ ಅದು ಹೇಳಂಗಿಲ್ಲಲ್ರಿ ಎನ್ನುತ್ತಾನೆ.

ಅವನ ಮನೆಯಲ್ಲಿ ತಾಯಿ ಪಕ್ಕೀರಮ್ಮ, ಮೇಷ್ಟ್ರಾಗಿರುವ ಅಣ್ಣ ಕ್ರಾಂತಿಕುಮಾರ್. ಗೋಡೆಯ ಮೇಲೆ ಬುದ್ಧನ ಪಟ. ರಾಹುಕಾಲ, ಶಕುನ, ಮೈಲಿಗೆ ಎಂಬ ಮಾತು ಆ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಬಂದರೆ ಕ್ರಾಂತಿಕುಮಾರ್ ಅದನ್ನು ನಿಲ್ಲಿಸಿ ಪಾಠ ಮಾಡುತ್ತಾನೆ. ಅಪ್ಪ ಜೋಗಪ್ಪ ಈಗಿಲ್ಲ. ಹರೆಯದಲ್ಲಿ ಅವನ ಪಾಲಿಗೆ ಬಂದಿದ್ದ ಕೆಲಸವೆಂದರೆ ಊರ ದೊಡ್ಡ ಮನೆಗಳಲ್ಲಿ ಸಾವಾದಾಗ ನೆಂಟರ ಊರುಗಳಿಗೆ ನಡೆದು ಸುದ್ದಿ ಮುಟ್ಟಿಸುವುದು. ಬಿಸಿಲಲ್ಲಿ ಹರದಾರಿಗಟ್ಟಲೆ ನಡೆದು, ಅಂಗಳದ ಹೊರಗೇ ನಿಂತು, ಇಂಥವರು ಹೋದರು ಎಂದು ಕೂಗಬೇಕು. ಒಳಗಿನಿಂದ ಗೋಳು ಏಳುತ್ತದೆ, ಹೊರಗಿನವನಿಗೆ ಒಂದು ಲೋಟ ನೀರು ಸಿಕ್ಕರೆ ಸಿಕ್ಕಿತು. ನನ್ನ ಮಕ್ಕಳ ಬಾಯಿಗೆ ಈ ಮಾತು ಬರಬಾರದು ಎಂದು ಜೋಗಪ್ಪ ಒಂದು ದಿನ ಆ ಕೆಲಸಕ್ಕೆ ಬೆನ್ನು ತಿರುಗಿಸಿದ. ಅದಕ್ಕೋ ಏನೋ, ಪರರ ಮನೆ ಮುಂದೆ ನಿಂತು ಸಾವಿನ ಮಾತು ಆಡಬೇಕೆಂದರೆ ಭೀಮರಾಜನ ನಾಲಿಗೆ ಏಳುವುದಿಲ್ಲ.

ಕೂಡ್ಲಿಗಿಯ ಹೊರಗೆ, ಕೊಟ್ಟೂರು ರಸ್ತೆಗೆ, ಅಂಜಿನೇಯಲು ಎಂಬುವರ ಹೊಸ ಮನೆ. ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡುತ್ತ ಮಾಡುತ್ತ ಎರಡು ಟ್ರ್ಯಾಕ್ಟರಿನ ಯಜಮಾನನಾದ ಮನುಷ್ಯ. ಹೆಂಡತಿ ಹೊನ್ನೂರಮ್ಮ, ಒಬ್ಬನೇ ಮಗ ಕಾಂತೇಶ್, ಪಂಚಾಯ್ತಿಯಲ್ಲಿ ಬಿಲ್ ಕಲೆಕ್ಟರ್, ಸೊಸೆ ಶೈಲಾ, ಆಸ್ಪತ್ರೆಯಲ್ಲಿ ನರ್ಸು. ಹೊತ್ತಲ್ಲದ ಹೊತ್ತಿಗೆ ಡ್ಯೂಟಿ ಮುಗಿಸಿ ಬರುವ ಹುಡುಗಿಗೆ ಗೇಟು ತೆಗೆಯಲು ಯಾರನ್ನೂ ಎಬ್ಬಿಸಬಾರದು ಎನಿಸಿ, ತನ್ನ ಸಂಬಳದಲ್ಲೇ ಈ ಗೇಟು ಹಾಕಿಸಿದಳು. ಮಾವನಿಗೆ ಅದು ಸೇರಲಿಲ್ಲ. ಗೇಟು ತೆಗೆಯೋಕೆ ನಾನು ಸತ್ತೀನೇನು ಎಂದು ಗೊಣಗಿದರು. ಆ ಮಾತು ಬಂದು ಹೋಗುವ ನೆಂಟರ ಕಿವಿಗೆಲ್ಲ ಬಿದ್ದಿತ್ತು.

ಗೃಹಪ್ರವೇಶದ ದಿನ ಭೀಮರಾಜ ಗೇಟನ್ನು ಮನೆಯವರ ಕೈಗೆ ಒಪ್ಪಿಸಿದ. ತೆರೆದ ಮೇಲೆ ನೂರು ಎಣಿಸುವಷ್ಟು ಹೊತ್ತು ಬಿಟ್ಟು ತಾನೇ ಮುಚ್ಚಿಕೊಳ್ಳುವಂತೆ ಇಟ್ಟಿದ್ದೇನೆ, ಇಲ್ಲದಿದ್ದರೆ ರಸ್ತೆಯ ಆಡು ನಾಯಿ ಎಲ್ಲ ಒಳಗೆ ಬರುತ್ತವೆ ಎಂದ. ಮದುವೆ, ಸೀಮಂತ, ಏನಾದರೂ ಕಾರ್ಯವಿದ್ದು ಜನ ಸೇರಿದರೆ ಮೋಟಾರಿನ ಕೀಲಿ ತಿರುವಿ ಗೇಟನ್ನು ಕೈಯಿಂದ ತಳ್ಳುವಂತೆ ಮಾಡಿಕೊಳ್ಳಿ ಎಂದೂ ಹೇಳಿದ. ಸಾವಾದಾಗಲೂ ಎಂದು ಹೇಳಲಿಲ್ಲ. ಬಾಗಿಲಿಗೆ ಮಾವಿನೆಲೆ ಕಟ್ಟಿದ ದಿನ, ಹೋಳಿಗೆ ತಟ್ಟೆ ಕೈಗಿಟ್ಟವರ ಮುಂದೆ, ಹೆಣ ಹೊರಗೆ ಹೋಗುವಾಗ ಎಂಬ ಮಾತು ಯಾವ ಬಾಯಿಗೆ ಬಂದೀತು? ಇಂಥ ಮಾತು ನುಂಗುವುದನ್ನು ನಮ್ಮಲ್ಲಿ ಮರ್ಯಾದೆ ಎನ್ನುತ್ತಾರೆ. ಭೀಮರಾಜ ಮರ್ಯಾದಸ್ಥ.

ಎರಡು ವರ್ಷ ಗೇಟು ಚೆನ್ನಾಗಿ ಓಡಿತು. ಅಂಜಿನೇಯಲು ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅದಾಗಿ ಕೆಲವು ದಿನಕ್ಕೆ ಕಾಂತೇಶನ ಫೋನ್ ಬಂತು. ಮೋಟಾರು ಕಿತ್ತುಕೊಂಡು ಹೋಗು ಎಂದ. ಏನಾಯಿತು ಎಂದು ಕೇಳಿದರೆ, ಬಾ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಭೀಮರಾಜ ಹೋದಾಗ ಇನ್ನೂ ಹತ್ತು ಗಂಟೆಯ ಬಿಸಿಲು. ಗೇಟಿನ ಕರೆಂಟು ತೆಗೆದಿದ್ದರು. ಅಂಗಳದ ಶಾಮಿಯಾನ ಬಿಚ್ಚಿರಲಿಲ್ಲ, ಅದರ ಕೆಳಗೆ ನೆಂಟರು ಕೂತಿದ್ದರು. ಪಡಸಾಲೆಯ ಕಂಬದ ಹತ್ತಿರ ಶೈಲಾ ಒಬ್ಬಳೇ, ಪಕ್ಕದಲ್ಲಿ ಬಟ್ಟೆ ತುಂಬಿದ ಒಂದು ಬ್ಯಾಗು. ಕಾಂತೇಶ್ ಅವನನ್ನು ಗೇಟಿನ ಕಡೆ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ ಹೇಳಿದ.

ಆ ಮನೆತನದ್ದೊಂದು ರೂಢಿ ಇದೆ. ಹೆಣ ಹೊರಗೆ ಹೋಗುವಾಗ ಚಟ್ಟವನ್ನು ಹೊಸ್ತಿಲ ಗೆರೆಯ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ನಿಲ್ಲಿಸುತ್ತಾರೆ. ಮುಂದಿನ ಇಬ್ಬರು ಗೆರೆಯ ಆಚೆ, ಹಿಂದಿನ ಇಬ್ಬರು ಈಚೆ. ಮನೆಯ ಹೆಣ್ಣುಮಕ್ಕಳು ಒಳಗಿನಿಂದ ಮೂರು ಸಲ ಅಕ್ಕಿ ಹಾಕಿ, ಇದ್ದ ಋಣ ತೀರಿತು ಎನ್ನಬೇಕು. ಅಷ್ಟು ಹೊತ್ತು ಆ ಗೆರೆಯನ್ನು ಯಾರೂ ತುಳಿಯಬಾರದು. ಹಳೆ ಮನೆಯಲ್ಲಿ ಅದು ಕಲ್ಲಿನ ಹೊಸ್ತಿಲು. ಈ ಮನೆಯಲ್ಲಿ ಗೇಟಿನ ಹಳಿಯೇ ಗೆರೆ ಎಂದು ಹಿರಿಯರು ತೀರ್ಮಾನಿಸಿದರು. ಚಟ್ಟ ನಿಂತಿತು, ಅಕ್ಕಿ ಬಿತ್ತು. ಅಷ್ಟರಲ್ಲಿ ಗೇಟು ಗುರ್ ಎಂದು ತಾನಾಗಿ ಹೊರಟು ಬಂದು ಚಟ್ಟದ ಬಿದಿರಿಗೆ ತಾಕಿತು, ಹಿಂದೆ ಹೋಯಿತು. ಹೊತ್ತವರು ಕಲ್ಲಾಗಿ ನಿಂತರು. ಹೆಂಗಸರ ಅಳುವೂ ನಿಂತಿತು. ಏನು ಮಾಡಬೇಕೆಂದು ಹಿರಿಯರು ಗುಸುಗುಸು ಮಾಡುತ್ತಿರುವಾಗ ಗೇಟು ಇನ್ನೊಮ್ಮೆ ಬಂತು, ಇನ್ನೊಮ್ಮೆ ತಾಕಿ ಹಿಂದೆ ಸರಿಯಿತು. ಆಮೇಲೆ ಹೇಗೋ ಓಡಿದವರಂತೆ ಮಣ್ಣಿಗೆ ಹೋದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಸ್ಮಶಾನದಿಂದ ಮರಳಿ ಬರುವುದರೊಳಗೆ ಮಾತು ಹುಟ್ಟಿತ್ತು. ನಡುವೆ ಏನಾದರೂ ಇದ್ದರೆ ಗೇಟು ತಾನಾಗಿ ಮುಚ್ಚದು, ಯಾರೋ ಒತ್ತಿರಬೇಕು ಎಂದು. ಬೆಳಗ್ಗೆ ಟ್ರ್ಯಾಕ್ಟರು ಒಳಗೆ ಬಿಡಲು, ಆಮೇಲೆ ಚಟ್ಟಕ್ಕೆ ದಾರಿ ಬಿಡಲು ಗೇಟು ತೆಗೆದವಳು ಶೈಲಾ. ರಿಮೋಟು ಅವಳ ಸೊಂಟದಲ್ಲೇ ಇತ್ತು. ಅವಳು ಆ ಹೊತ್ತಿನಲ್ಲಿ ಅಳುತ್ತಲೂ ಇರಲಿಲ್ಲ. ಹಾಗಾದರೆ ಮಾವನ ಹೆಣದ ಮೇಲೆ ಗೇಟು ಹಾಕಿದವಳು ಅವಳೇ. ಮೊದಲು ಹೀಗೆಂದವಳು ಕರಿಯಕ್ಕ, ಅಂಜಿನೇಯಲುವಿನ ಅಕ್ಕ, ಹಂಪಸಾಗರದಿಂದ ಬಂದಾಕೆ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಸಂಕಟ ಸುಳ್ಳಲ್ಲ. ಸಂಕಟಕ್ಕೆ ಒಂದು ಮುಖ ಬೇಕಿತ್ತು, ಸೊಸೆಯ ಮುಖ ಸಿಕ್ಕಿತು. ಋಣ ಹರಿಯದಂತೆ ಮಾಡಿದವಳ ಕೈಯಿಂದ ಸತ್ತವರ ದಿನದ ಕಾರ್ಯದ ಅಡುಗೆ ಆಗಬಾರದು, ಅವಳನ್ನು ತವರಿಗೆ ಕಳಿಸಿಬಿಡಿ ಎಂದಳು. ಕೋಗಳಿಯಿಂದ ಶೈಲಾಳ ಅಣ್ಣ ಅವತ್ತು ಮಧ್ಯಾಹ್ನ ಬಂದು ಕರೆದುಕೊಂಡು ಹೋಗುವುದೆಂದು ಆಗಿತ್ತು. ಹಾಗೆ ಹೋದ ಹೆಣ್ಣು ಮತ್ತೆ ಆ ಬಾಗಿಲಿಗೆ ಬರುವುದು ಎಷ್ಟು ಕಷ್ಟವೆಂದು ಶಾಮಿಯಾನದಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಕಾಂತೇಶನಿಗೂ ಗೊತ್ತಿತ್ತು. ಆದರೆ ಆ ಪುಣ್ಯಾತ್ಮ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೆಂಡತಿಯ ಪರ ಮಾತಾಡಿದರೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲ ಎಂದಾರು ಎಂಬ ಹೆದರಿಕೆ.

ಭೀಮರಾಜ ನೀರು ಕುಡಿಯುವ ನೆಪದಲ್ಲಿ ಪಡಸಾಲೆಯ ಹತ್ತಿರ ಹೋದ. ಶೈಲಾ ತಲೆ ಎತ್ತಿದಳು.

"ನಾ ಒತ್ತಿಲ್ಲಣ್ಣಾ," ಎಂದಳು. ಅಷ್ಟೇ.

ಅವನಿಗೆ ಅವಳ ಮಾತು ಬೇಕಿರಲಿಲ್ಲ. ಕಾಂತೇಶ್ ಹೇಳುತ್ತಿರುವಾಗಲೇ ಏನಾಗಿದೆ ಎಂದು ಗೊತ್ತಾಗಿತ್ತು. ಕಣ್ಣು ಇರುವುದು ಮೊಳಕಾಲೆತ್ತರದಲ್ಲಿ, ಚಟ್ಟ ಇದ್ದದ್ದು ಹೆಗಲ ಮೇಲೆ. ಗೆರೆಯ ಮೇಲೆ ಒಂದೇ ಒಂದು ಕಾಲೂ ಇರಲಿಲ್ಲ. ಗೇಟಿನ ಲೆಕ್ಕಕ್ಕೆ ಅಲ್ಲಿ ಯಾರೂ ಇಲ್ಲ. ಹೇಳಿದ ಹೊತ್ತು ಮುಗಿಯಿತು, ಮುಚ್ಚಲು ಬಂತು. ಬಿದಿರಿಗೆ ತಾಕಿತು, ಸರಿಯಿತು. ಮತ್ತೆ ಹೊತ್ತು ಮುಗಿಯಿತು, ಮತ್ತೆ ಬಂತು. ಮಷೀನು ತಾನು ಕಲಿತದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಹೇಳಬೇಕಾದದ್ದನ್ನು ಹೇಳದವನು ತಾನು.

ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡರೂ ಅವನು ಗೇಟಿನ ಕಡೆ ಹೊರಳಿದ. ಮೊದಲು ಕೈಗೆ ಕೆಲಸ ಬೇಕೆನಿಸಿ ಕಣ್ಣುಗಳ ಧೂಳು ಒರೆಸಲು ಕುಕ್ಕರಗಾಲಲ್ಲಿ ಕೂತ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಹೊನ್ನೂರಮ್ಮ ಕೂತಿದ್ದಳು. ಮಣ್ಣು ಮಾಡಿ ಬಂದ ದಿನದಿಂದ ಊಟದ ಹೊತ್ತು ಬಿಟ್ಟರೆ ಅವಳು ಅಲ್ಲೇ ಇರುವಳಂತೆ. ಅವಳು ಸೊಸೆಯ ಮೇಲೆ ಒಂದು ಮಾತೂ ಆಡಿರಲಿಲ್ಲ, ಸೊಸೆಯ ಪರವಾಗಿಯೂ ಆಡಿರಲಿಲ್ಲ. ಭೀಮರಾಜನ ಕೈಯನ್ನೇ ನೋಡುತ್ತ, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು.

"ತಮ್ಮಾ, ಅದನ್ನ ಕೀಳಬ್ಯಾಡ. ಅವ್ರು ಹೋಗಾಕ ಒಲ್ಲೆ ಅಂತ ಎರಡು ಸಲ ಬಾಗ್ಲಾ ಹಾಕ್ಕೊಂಡಾರ ನೋಡು. ಇಷ್ಟು ವರ್ಷದ ಬಾಳೇವಿನಾಗ ಹೊಂಟಾಗ ಒಂದ್ಸಲನೂ ಹೊಳ್ಳಿ ನೋಡಿದ ಮನುಷ್ಯ ಅಲ್ಲ ಅವ್ರು. ಹೋಗಿ ಬರ್ತೀನಿ ಅಂತನೂ ಅಂತಿದ್ದಿಲ್ಲ. ನಾ ಬಾಗಿಲಾಗ ನಿಂತಿರ್ತಿದ್ದೆ, ಬೆನ್ನು ಕಾಣ್ತಿತ್ತು. ಕಡೀಕ ಒಮ್ಮೆ ನಿಂತ್ರು."

ಭೀಮರಾಜನ ಕೈಯ ಬಟ್ಟೆ ಅಲ್ಲೇ ನಿಂತಿತು. ಆ ಮುದುಕಿಯ ಮುಖದಲ್ಲಿ ಅಳುವಿರಲಿಲ್ಲ. ಹೇಳಲು ಸಂಕೋಚಪಡುವ ಒಂದು ಸಂತೋಷವಿತ್ತು.

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಸೊಸೆ ಉಳಿಯುತ್ತಾಳೆ, ಈಕೆಯ ಕೈಯಲ್ಲಿ ಉಳಿದಿದ್ದ ಒಂದೇ ಒಂದು ತುಣುಕು ಹೋಗುತ್ತದೆ. ಹೇಳದೆ ಮೋಟಾರು ಕಿತ್ತುಕೊಂಡು ಹೋದರೆ ಈಕೆ ಬದುಕಿರುವ ತನಕ ಆ ತುಣುಕು ಹಿಡಿದುಕೊಂಡು ಬದುಕುತ್ತಾಳೆ, ಸೊಸೆ ಮಧ್ಯಾಹ್ನದ ಬಸ್ಸು ಹತ್ತುತ್ತಾಳೆ. ಮೋಟಾರು ಕೆಟ್ಟಿತ್ತು ಎಂದು ಸುಳ್ಳು ಹೇಳಿ ಇಬ್ಬರನ್ನೂ ಉಳಿಸಬಹುದೇ ಎಂದು ಯೋಚಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಎರಡು ವರ್ಷ ಕೆಡದ್ದು ಅದೇ ಗಳಿಗೆಗೆ ಕೆಟ್ಟು, ಮಾರನೇ ದಿನದಿಂದ ಮತ್ತೆ ಸರಿಯಾಯಿತೇ ಎಂದು ಕರಿಯಕ್ಕ ಕೇಳದೆ ಬಿಡುವಳೇ? ಅಣ್ಣ ಕ್ರಾಂತಿಕುಮಾರ್ ಇಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಮೂಢನಂಬಿಕೆಯ ಮೇಲೆ ಭಾಷಣ ಮುಗಿಸಿರುತ್ತಿದ್ದ. ಮೂಢನಂಬಿಕೆ ಎಂಬ ಮಾತು ಶಾಲೆಯಲ್ಲಿ ಸರಿ. ಈ ಕಲ್ಲುಬೆಂಚಿನ ಮೇಲೆ ಕೂತವಳ ಮುಂದೆ ಅದನ್ನು ಹೇಳಲು ಭೀಮರಾಜನಿಗೆ ಬಾಯಿ ಬರಲಿಲ್ಲ.

ಆದರೂ ಬ್ಯಾಗಿನ ಪಕ್ಕ ಕೂತವಳು ಜೀವಂತ ಇದ್ದಳು, ಇನ್ನೂ ಬಾಳಬೇಕಾದವಳು. ಅವನು ಎದ್ದು ಶಾಮಿಯಾನದ ಮುಂದೆ ಹೋಗಿ ನಿಂತ. ಅಪ್ಪ ಅಂಗಳದ ಹೊರಗೆ ನಿಂತು ಆಡುತ್ತಿದ್ದ ಮಾತನ್ನು ಅವನು ಅಂಗಳದ ಒಳಗೆ ನಿಂತು ಆಡಬೇಕಾಯಿತು. ಹೆಣ ಹೋಗುವಾಗ ಕೀಲಿ ತಿರುವಿಕೊಳ್ಳಿ ಎಂದು ಗೃಹಪ್ರವೇಶದ ದಿನ ತಾನು ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ತನ್ನದು ಎಂದ. ಕಣ್ಣು ಎಲ್ಲಿದೆ, ಚಟ್ಟ ಎಲ್ಲಿತ್ತು ಎಂದು ಕೈಯಿಂದ ಎತ್ತರ ತೋರಿಸಿ ತೋರಿಸಿ ಹೇಳಿದ. ಜನ ಕೇಳಿದರು. ಕರಿಯಕ್ಕ ಮಾತ್ರ ಅಡಿಕೆ ಎಲೆ ಉಗಿದು ಬಂದು, ಶೈಲಾಳೇ ಕರೆಸಿ ಹೇಳಿಸಿದ ಮಾತು ಇದು ಎಂದಳು. ಬಾಯಲ್ಲಿ ಹೇಳುವುದನ್ನು ಕಣ್ಣಿಗೆ ತೋರಿಸು ಎಂದಳು.

ತೋರಿಸಲು ಏನು ಬೇಕು? ಹೆಗಲೆತ್ತರದಲ್ಲಿ, ಚಟ್ಟದಷ್ಟು ಉದ್ದದ ಒಂದು ವಸ್ತು. ಹಿತ್ತಲಲ್ಲಿ ಬಿದಿರಿನ ಏಣಿಯೊಂದಿತ್ತು. ಭೀಮರಾಜ ಅದನ್ನು ತಂದು ಇಟ್ಟು, ನಾಲ್ಕು ಜನ ಹೆಗಲು ಕೊಡಿ ಎಂದಾಗ ಶಾಮಿಯಾನದ ಗಂಡಸರೆಲ್ಲ ನೆಲ ನೋಡತೊಡಗಿದರು. ಬರೀ ಏಣಿಯನ್ನು ನಾಲ್ವರು ಹೆಗಲ ಮೇಲೆ ಹೊತ್ತು ಬಾಗಿಲಲ್ಲಿ ನಿಲ್ಲುವುದೆಂದರೆ ಇನ್ನೊಂದು ಸಾವನ್ನು ಹೆಸರು ಹಿಡಿದು ಕರೆದಂತೆ. ಅದೂ ಸೂತಕ ಕಳೆಯದ ಮನೆಯಲ್ಲಿ. ಕಾಂತೇಶನೂ ಮೂಗಿನ ಬೆವರು ಒರೆಸಿಕೊಂಡು ನಿಂತ. ಭೀಮರಾಜನ ಮನೆಯಲ್ಲಿ ಇಂಥ ಲೆಕ್ಕ ಇಲ್ಲ. ಅವನು ಮುಂದಿನ ಒಂದು ಕೊನೆ ಎತ್ತಿ ಹೆಗಲಿಗೆ ಇಟ್ಟುಕೊಂಡು ಸುಮ್ಮನೆ ನಿಂತ. ಏಣಿ ವಾರೆಯಾಗಿ ನೆಲಕ್ಕೆ ಒರಗಿತು.

ಶೈಲಾ ಎದ್ದು ಬಂದಳು. ಹೆಣ್ಣುಮಕ್ಕಳು ಹೊರುವುದುಂಟೇ ಎಂದು ಯಾರೋ ಗದರಿದರು. ಅವಳು ಕೇಳಿಸಿಕೊಳ್ಳದವಳಂತೆ ಹಿಂದಿನ ಒಂದು ಕೊನೆ ಎತ್ತಿದಳು. ಇನ್ನೊಂದಕ್ಕೆ ಯಾರೂ ಇರಲಿಲ್ಲ. ಆಗ ಹೊನ್ನೂರಮ್ಮ ಕಲ್ಲುಬೆಂಚಿನಿಂದ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಸೆಯ ಪಕ್ಕ ನಿಂತು, ಏಣಿಯನ್ನು ಹೆಗಲಿಗೆ ಏರಿಸಿದಳು. ಕ್ವಾರಿಯಲ್ಲಿ ಗಂಡನ ಜೊತೆ ಕಲ್ಲು ಹೊತ್ತ ಹೆಗಲು ಅದು, ಅಲುಗಲಿಲ್ಲ. ತಾಯಿ ಹೊತ್ತ ಮೇಲೆ ಕಾಂತೇಶನ ಕಾಲುಗಳೂ ಎದ್ದವು. ಓಡಿಬಂದು ಭೀಮರಾಜನ ಪಕ್ಕ ಹೆಗಲು ಕೊಟ್ಟ.

ಮನೆಯಲ್ಲಿದ್ದದ್ದು ಎರಡೇ ರಿಮೋಟು. ಎರಡನ್ನೂ ಕರಿಯಕ್ಕನ ಕೈಗೆ ಕೊಡಿಸಿದ ಭೀಮರಾಜ. ಕರೆಂಟು ಹಾಕಿಸಿ, ಅವಳಿಂದಲೇ ಗುಂಡಿ ಒತ್ತಿಸಿ ಗೇಟು ತೆರೆಸಿದ. ಅವಳು ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುಷ್ಟಿಯಲ್ಲಿ ಹಿಡಿದಳು. ಅವತ್ತಿನಂತೆಯೇ ಗಂಡಸರಿಬ್ಬರು ಹಳಿಯ ಆಚೆ, ಹೆಂಗಸರಿಬ್ಬರು ಈಚೆ. ನಡುವೆ ಯಾರ ಕಾಲೂ ಇಲ್ಲ.

ಹೊತ್ತು ಸರಿಯಿತು. ರಸ್ತೆಯಲ್ಲಿ ಒಂದು ಟಂಟಂ ಆಟೋ ಹೋಯಿತು. ಗುರ್ ಎಂದು ಗೇಟು ಹೊರಟು ಬಂತು, ಆಳೆತ್ತರದ ಅದರ ಅಂಚು ಏಣಿಯ ಬಿದಿರಿಗೆ ತಾಕಿತು, ಹಿಂದೆ ಸರಿಯಿತು. ಶಾಮಿಯಾನದಲ್ಲಿ ಒಂದು ನಿಟ್ಟುಸಿರು ಎದ್ದಿತು. ಕರಿಯಕ್ಕ ಮುಷ್ಟಿ ಬಿಚ್ಚಿ ರಿಮೋಟು ನೋಡಿಕೊಂಡಳು, ಮತ್ತೆ ಮುಚ್ಚಿದಳು. ಅವಳ ದನಿ ಇಳಿದಿತ್ತು, ಆದರೂ ಬಿಡಲಿಲ್ಲ.

"ಒಂದು ಸಲ ಆತು. ಅವತ್ತು ಎರಡು ಸಲ ಬಂದಿತ್ತಲ್ಲ. ಎರಡನೇದು ಯಾರು ಒತ್ತಿದ್ರು?"

ತಡೀರಿ ಎಂದ ಭೀಮರಾಜ. ನಾಲ್ವರೂ ಏಣಿ ಹೊತ್ತು ನಿಂತೇ ಇದ್ದರು. ಅವನು ಕತ್ತು ಹೊರಳಿಸಿ ಹಿಂದೆ ನೋಡಿದ. ಹೊನ್ನೂರಮ್ಮ ಗೇಟನ್ನೇ ದಿಟ್ಟಿಸುತ್ತಿದ್ದಳು. ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಬರಬೇಡ ಎನ್ನುತ್ತಿದ್ದಳು. ಸೊಸೆಗೆ ಹೆಗಲು ಕೊಟ್ಟು ನಿಂತವಳೇ ಒಳಗೊಳಗೆ, ಇನ್ನೊಮ್ಮೆ ಬರಬೇಡ ಎಂದು ಆ ಕಬ್ಬಿಣವನ್ನು ಬೇಡುತ್ತಿದ್ದಳು. ಒಂದು ಮಷೀನಿನದಾದರೂ ಒಂದು ತನಗೆ ಉಳಿಯಲಿ ಎಂದು.

ಭೀಮರಾಜನ ಬಲಗಾಲು ಹಳಿಯಿಂದ ಒಂದು ಗೇಣು ಆಚೆ ಇತ್ತು. ಆ ಕಾಲನ್ನು ಸ್ವಲ್ಪ ಹಿಂದೆ ಸರಿಸಿದರೆ ಸಾಕು, ಕಣ್ಣಿಗೆ ಅಡ್ಡವಾಗುತ್ತದೆ, ಗೇಟು ನಿಂತಲ್ಲೇ ನಿಲ್ಲುತ್ತದೆ. ನೋಡುವವರಿಗೆ ಭಾರಕ್ಕೆ ಕಾಲು ಬದಲಿಸಿದ ಹಾಗೆ ಕಾಣುತ್ತದೆ. ಎಷ್ಟು ಸುಲಭ! ಅವನ ಜನ್ಮದಲ್ಲಿ ಒಂದು ಗೇಟು ಮುಚ್ಚದಿರಲಿ ಎಂದು ಅವನು ಆಸೆಪಟ್ಟದ್ದು ಅದೊಂದೇ ಸಲ. ಆದರೆ ಆ ಎರಡನೆಯದು ಮಷೀನಿನದಲ್ಲ ಎಂದಾದರೆ ಅದು ಹೊನ್ನೂರಮ್ಮನ ಗಂಡನದಾಗಿ ಉಳಿಯುವುದಿಲ್ಲ. ಕರಿಯಕ್ಕ ಅದನ್ನು ಶೈಲಾಳ ಹೆಸರಿಗೆ ಬರೆಯುತ್ತಾಳೆ. ಅವನು ಹಲ್ಲು ಕಚ್ಚಿ ಕಾಲನ್ನು ಇದ್ದಲ್ಲೇ ಊರಿದ.

ಗೇಟು ಬಂತು. ತಾಕಿತು. ಹಿಂದೆ ಹೋಯಿತು.

ಕರಿಯಕ್ಕ ಇದ್ದಲ್ಲೇ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ದಿನ ಸಿಟ್ಟಿನಲ್ಲಿ ಸಿಕ್ಕಿಬಿದ್ದಿದ್ದ ಅಳು ಈಗ ಬಂತು, ತಮ್ಮನ ಹೆಸರು ಹಿಡಿದು ಅತ್ತಳು. ಕಾಂತೇಶ್ ಹೆಂಡತಿಯ ಮುಖ ನೋಡಲಾರದೆ ಏಣಿಯನ್ನು ಗೋಡೆಗೆ ಒರಗಿಸುವುದರಲ್ಲಿ ಬಹಳ ಹೊತ್ತು ಕಳೆದ.

ಹೊನ್ನೂರಮ್ಮ ಹೆಗಲ ಮೇಲಿನ ಧೂಳು ಕೊಡವಿಕೊಂಡಳು. ಶೈಲಾಳ ಕೈ ಹಿಡಿದು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಿಮ್ಮಣ್ಣಗ ಫೋನ್ ಮಾಡವಾ, ಬರಾದು ಬ್ಯಾಡನ್ನು. ದಿನದ ಅಡಿಗಿ ನೀನ ಮಾಡಬೇಕು. ನಡಿ, ಮದ್ಲು ಒಂದು ತುತ್ತು ಉಣ್ಣು. ಉಂಡು ಎಷ್ಟು ದಿನ ಆತೋ ಏನೋ."

ಶೈಲಾ ಅತ್ತೆಯ ಹೆಗಲಿಗೆ ಹಣೆ ಇಟ್ಟು, ಮಾವ ಸತ್ತ ದಿನದಿಂದ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಹೊನ್ನೂರಮ್ಮ ಅವಳ ಬೆನ್ನು ಸವರಿ ಒಳಗೆ ಕಳಿಸಿದಳು. ತಾನೂ ಹೊರಟವಳು, ಸಾಮಾನು ಚೀಲಕ್ಕೆ ತುಂಬುತ್ತಿದ್ದ ಭೀಮರಾಜನ ಹತ್ತಿರ ಬಂದು ನಿಂತಳು. ಅವನು ತಲೆ ಎತ್ತಲಿಲ್ಲ.

"ನೀ ಮಾಡಿದ್ದು ಚಲೋ ಆತು ತಮ್ಮಾ," ಎಂದಳು. ಅವನು ಕೀಲಿ ತಿರುವಿ ತೆರೆದಿಟ್ಟ ಗೇಟಿನಾಚೆಯ ರಸ್ತೆಯನ್ನು ನೋಡಿದಳು. "ಎರಡನೇದಾದ್ರೂ ಅವ್ರದು ಅನ್ಕೊಂಡಿದ್ದೆ."